ಹಳೇ ಗಾಡಿ ಸುಸ್ತಾಗಿ ನಿಲ್ಲುತ್ತದೆ, ಹೊಸ ಗಾಡಿ ಬೇಡ ಅಂತ ನಿಲ್ಲುತ್ತದೆ: ಎಲೆಕ್ಟ್ರಿಕ್ ಸ್ಕೂಟರ್ ಕೈಕೊಟ್ಟಾಗ

ನಮ್ಮ ಮನೆಯಲ್ಲಿ ಎರಡು ಎಲೆಕ್ಟ್ರಿಕ್ ಸ್ಕೂಟರ್ ಇವೆ. ಅಪ್ಪನದು 2013ರದ್ದು, ಸೀಸದ ಬ್ಯಾಟರಿ, ಈಗಿರುವುದು ನಾಲ್ಕನೇ ಸೆಟ್. ನನ್ನದು 2023ರದ್ದು, ಲಿಥಿಯಂ. ಹೋದ ಏಪ್ರಿಲ್‌ನಲ್ಲಿ ಒಂದೇ ವಾರದಲ್ಲಿ ಎರಡೂ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಕೈಕೊಟ್ಟವು.

ಅಪ್ಪನದು ಹೇಳಿಕೇಳಿಯೇ ನಿಂತಿತು. ಮೊದಲು ಹೆಡ್‌ಲೈಟ್ ಮಂಕಾಯಿತು. ಹಾರ್ನ್ ನೆಗಡಿ ಹಿಡಿದವರ ಹಾಗೆ ಕೂಗಿತು. ಆಮೇಲೆ ವೇಗ ಇಳಿಯುತ್ತಾ ಬಂದು, ಬೆಳಗಿನ ವಾಕಿಂಗ್‌ಗೆ ಬಂದವರು ಅಪ್ಪನನ್ನು ದಾಟಿ ಮುಂದೆ ಹೋದರು. ನನ್ನದು ಹಾಗಲ್ಲ. 58 ಪರ್ಸೆಂಟ್ ಚಾರ್ಜ್ ಇತ್ತು, ಹಿಂದೆ ಹೆಂಡತಿ ಕೂತಿದ್ದಳು, ಮಧ್ಯಾಹ್ನದ ಬಿಸಿಲು. ಪರದೆಯ ಮೇಲೆ ಥರ್ಮಾಮೀಟರ್ ಚಿತ್ರ ಬಂತು, ಎಳೆತ ಅರ್ಧಕ್ಕಿಳಿಯಿತು. ಮರದ ನೆರಳಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದೆ. ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮತ್ತೆ ಹತ್ತಿತು.

ಎರಡೂ 'ಏರಿನಲ್ಲಿ ನಿಂತಿತು' ಅನ್ನುವ ದೂರೇ. ಆದರೆ ಅಪ್ಪನ ಗಾಡಿಗೆ ಶಕ್ತಿ ಇರಲಿಲ್ಲ, ನನ್ನದಕ್ಕೆ ಶಕ್ತಿ ಇತ್ತು, ಕೊಡಲು ಒಪ್ಪಲಿಲ್ಲ. ಹಳೆಯದರ ರಿಪೇರಿ ದಾರಿ ಹಿಡಿದು ಹೊಸದಕ್ಕೆ ಕೈ ಹಾಕಿದರೆ ದುಡ್ಡು ದಂಡ. ಹೊಸದರ ನಂಬಿಕೆಯಲ್ಲಿ ಹಳೆಯದನ್ನು ಓಡಿಸಿದರೆ ಕೆಲವೊಮ್ಮೆ ಅಪಾಯ. ಅದಕ್ಕೇ ಕೆಳಗೆ ಪ್ರತಿ ಲಕ್ಷಣಕ್ಕೂ ಹಳತು, ಹೊಸತು ಎರಡರ ಉತ್ತರವನ್ನೂ ಕೊಟ್ಟಿದ್ದೇನೆ.

ನಿಮ್ಮದು ಯಾವ ತಲೆಮಾರು?

ಸೀಟ್ ಎತ್ತಿ, ಇಲ್ಲವೇ ಕಾಲಿಡುವ ಜಾಗದ ಮುಚ್ಚಳ ತೆಗೆದು ನೋಡಿ. ಇಟ್ಟಿಗೆಯಂಥ ನಾಲ್ಕೋ ಐದೋ ಬ್ಯಾಟರಿಗಳನ್ನು ಸಾಲಾಗಿ ವೈರ್‌ನಲ್ಲಿ ಕಟ್ಟಿದ್ದರೆ ಅದು ಸೀಸದ್ದು, ಅಂದರೆ ಲೆಡ್ ಆಸಿಡ್. ಒಂದೊಂದು 12 ವೋಲ್ಟ್. ನಾಲ್ಕಿದ್ದರೆ 48, ಐದಿದ್ದರೆ 60. 2001ರಲ್ಲಿ ಬೆಂಗಳೂರಿನಲ್ಲಿ ಬಂದ ರೇವಾ ಕಾರು ಕೂಡ ಇದೇ ಜಾತಿ. ಅದರಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿ ಇದ್ದವು. ಅದೇ ಮನೆತನದ ಇ2ಓ 2013ರಲ್ಲಿ ಬರುವಾಗ ಲಿಥಿಯಂ ಆಗಿತ್ತು.

ಒಂದೇ ದೊಡ್ಡ ಪೆಟ್ಟಿಗೆ, ಮೇಲೆ ಲಿಥಿಯಂ ಅಂತ ಬರೆದಿದ್ದರೆ ಎರಡನೇ ತಲೆಮಾರು. ಏಥರ್ 450 ಬೆಂಗಳೂರಿನ ರಸ್ತೆಗೆ ಇಳಿದದ್ದು 2018ರಲ್ಲಿ. ಎಲೆಕ್ಟ್ರಿಕ್ ಗಾಡಿಗಳಿಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಟ್ಟ 2019ರ ಫೇಮ್-2 ಯೋಜನೆಯಲ್ಲಿ ಸೀಸದ ಗಾಡಿಗೆ ಸಬ್ಸಿಡಿ ಇರಲಿಲ್ಲ, ಆದ್ದರಿಂದ ಅದಾದ ಮೇಲೆ ಮಾರಾಟವಾದ ವೇಗದ ಗಾಡಿಗಳು ಹೆಚ್ಚಾಗಿ ಲಿಥಿಯಮ್ಮೇ.

ಮೂರನೆಯದು 2023ರಿಂದ ಈಚಿನದು. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ್ದು ನೆನಪಿದೆಯಲ್ವಾ? ಆಮೇಲೆ ಎಐಎಸ್-156 ಅನ್ನುವ ಬ್ಯಾಟರಿ ನಿಯಮವನ್ನು ಬಿಗಿ ಮಾಡಿದರು. ಮೊದಲ ಹಂತ 2022ರ ಡಿಸೆಂಬರ್‌ನಲ್ಲಿ, ಎರಡನೆಯದು 2023ರ ಮಾರ್ಚ್ ಕೊನೆಗೆ ಜಾರಿಯಾಯಿತು. ಈ ಗಾಡಿಗಳು ತಮ್ಮ ಮೈಬಿಸಿಯನ್ನು ತಾವೇ ನೋಡಿಕೊಳ್ಳುತ್ತವೆ, ಮೀರಿದರೆ ಎಚ್ಚರಿಸುತ್ತವೆ. ಬೇಡ ಅನ್ನುವ ಬುದ್ಧಿ ಜಾಸ್ತಿ ಇರುವುದು ಇವಕ್ಕೇ. ಮುಂದೆ 'ಹಳೇ ಗಾಡಿ' ಅಂದರೆ ಸೀಸದ್ದು, 'ಹೊಸ ಗಾಡಿ' ಅಂದರೆ ಲಿಥಿಯಂನ ಈ ಎರಡು ತಲೆಮಾರು.

ಇನ್ನೊಂದು ಜಾತಿ ಇದೆ, ಅದು ಕಂಪನಿಯಲ್ಲಿ ಹುಟ್ಟಿದ್ದಲ್ಲ. ಸೀಸದ ಬ್ಯಾಟರಿ ಸತ್ತ ಮೇಲೆ ಊರಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಲಿಥಿಯಂ ಪ್ಯಾಕ್ ಕೂರಿಸಿಕೊಂಡ ಹಳೇ ಗಾಡಿ. ನನಗೆ ಭಯ ಇರುವುದು ಇದರ ಬಗ್ಗೆಯೇ. ಎರಡರ ಮೇಲೂ '48 ವೋಲ್ಟ್' ಅಂತಲೇ ಬರೆದಿರುತ್ತದೆ, ಹಳೇ ಚಾರ್ಜರ್‌ನ ಪಿನ್ನೂ ಸರಿಯಾಗಿ ಕೂರುತ್ತದೆ. ಆದರೆ ಸೀಸದ ಚಾರ್ಜರ್ 58-59 ವೋಲ್ಟ್‌ವರೆಗೆ ತಳ್ಳುತ್ತದೆ. 13 ಸೆಲ್ ಸಾಲಿನ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಜಾತಿಯ ಲಿಥಿಯಂ ಪ್ಯಾಕ್ 54.6ಕ್ಕೆ ತುಂಬಿಹೋಗುತ್ತದೆ. ಒಂದು ಸೆಲ್‌ಗೆ 4.2 ವೋಲ್ಟ್ ಮಿತಿ. ಹಳೇ ಚಾರ್ಜರ್ ಹಾಕಿದರೆ ಲೆಕ್ಕಕ್ಕೆ 4.5 ಬೀಳುತ್ತದೆ. ಮಧ್ಯೆ ಕಾಯುವುದು ಬಿಎಂಎಸ್ ಅನ್ನುವ ಚಿಕ್ಕ ಬೋರ್ಡ್ ಒಂದೇ. ಅಗ್ಗದ ಪ್ಯಾಕ್‌ನಲ್ಲಿ ಆ ಬೋರ್ಡ್ ಕೂಡ ಅಗ್ಗದ್ದೇ. ಪ್ಯಾಕ್ ಬದಲಾದರೆ ಚಾರ್ಜರ್ ಬದಲಾಗಲೇಬೇಕು. ನಿಮ್ಮದು ಇಂಥ ಗಾಡಿಯಾಗಿದ್ದು ಹಳೇ ಚಾರ್ಜರನ್ನೇ ಬಳಸುತ್ತಿದ್ದರೆ, ಉಳಿದದ್ದನ್ನು ಆಮೇಲೆ ಓದಿ. ಮೊದಲು ಹೋಗಿ ಪ್ಲಗ್ ಕೀಳಿ.

ಈ ಲಕ್ಷಣ ಕಂಡರೆ ಪರೀಕ್ಷೆಯೇ ಬೇಡ

ಪೆಟ್ಟಿಗೆ ಉಬ್ಬಿದೆ. ಕೈ ಇಡಲಾಗದಷ್ಟು ಬಿಸಿ. ಬುಸ್ ಅನ್ನುವ ಶಬ್ದ. ನೇಲ್ ಪಾಲಿಶ್ ತೆಗೆಯುವ ದ್ರವದಂಥ ಸಿಹಿ ಘಾಟು. ಲಿಥಿಯಂನಲ್ಲಿ ಇವುಗಳಲ್ಲಿ ಒಂದು ಕಂಡರೂ ಮೀಟರ್ ತರಲು ಹೋಗಬೇಡಿ. ಮೇನ್ ಸ್ವಿಚ್ ಆಫ್ ಮಾಡಿ. ಹೊಗೆ ಇಲ್ಲದಿದ್ದರೆ ಮಾತ್ರ ಗಾಡಿಯನ್ನು ಬಯಲಿಗೆ ತಳ್ಳಿ. ಹೊಗೆ ಇದ್ದರೆ ಗಾಡಿಯ ಆಸೆ ಬಿಟ್ಟು ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ. ಬೆಂಕಿ ಆರಿದಂತೆ ಕಂಡರೂ ಗಂಟೆಗಳ ನಂತರ ಮತ್ತೆ ಹತ್ತಿಕೊಳ್ಳಬಹುದು.

ಸೀಸದ್ದರಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಮಿತಿಮೀರಿ ಚಾರ್ಜ್ ಆಗುತ್ತಿದೆ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಕಿಡಿ ತಗುಲಿದರೆ ಸಿಡಿಯುತ್ತದೆ. ಪಕ್ಕದಲ್ಲಿ ಬೀಡಿ, ಊದುಬತ್ತಿ ಬೇಡ.

ಎರಡಕ್ಕೂ ಅನ್ವಯಿಸುವ ಮಾತು: ಮುಚ್ಚಳ ತೆಗೆಯುವ ಮೊದಲು ಉಂಗುರ, ವಾಚ್, ಬಳೆ ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯದೇ ಇರಬಹುದು, ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ಅಲ್ಲೇ ವೆಲ್ಡಿಂಗ್ ಆಗಿಬಿಡುತ್ತದೆ. ಲಿಥಿಯಂ ಪ್ಯಾಕನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ. ಯೂಟ್ಯೂಬ್‌ನಲ್ಲಿ ಬಿಚ್ಚುವವರು ಬಿಚ್ಚಲಿ.

ಚಾರ್ಜ್ ಆಗುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆ ಮೊದಲು. ಅದೇ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಮೊಬೈಲ್ ಚಾರ್ಜರ್ ಸಾಲದು, ಅದು ಎಳೆಯುವ ಕರೆಂಟು ಲೆಕ್ಕಕ್ಕಿಲ್ಲ. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ನಾಲ್ಕು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಹತ್ತು ನಿಮಿಷ ಕಾದ ಮೇಲೆ ಪ್ಲಗ್ ಕಿತ್ತು ಪಿನ್ ಹತ್ತಿರ ಕೈ ಇಡಿ, ಪಿನ್ ಮುಟ್ಟಬೇಡಿ. ಬೆಚ್ಚಗಿದ್ದರೆ ಸಾಕೆಟ್‌ನ ಒಳಗಿನ ಹಿಡಿತ ಸಡಿಲವಾಗಿದೆ.

ಇಲ್ಲೇ ಹಳತು ಹೊಸತಿನ ಒಂದು ಮುಖ್ಯ ವ್ಯತ್ಯಾಸ ಕಾಣುತ್ತದೆ. ಅಪ್ಪನ ಚಾರ್ಜರ್ ಗೋಡೆಯಿಂದ ಒಂದು ಆಂಪಿಯರ್ ಆಸುಪಾಸು ಎಳೆಯುತ್ತದೆ. ನನ್ನದು ಮೂರು. 'ಹತ್ತು ವರ್ಷ ಇದೇ ಪಾಯಿಂಟ್‌ನಲ್ಲಿ ಚಾರ್ಜ್ ಹಾಕಿದ್ದೀನಿ, ಏನೂ ಆಗಿಲ್ಲ' ಅಂತ ಅಪ್ಪ ಹೇಳಿದ್ದು ನಿಜವೇ. ಆದರೆ ಸಡಿಲ ಜಾಗದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕರೆಂಟು ಮೂರು ಪಟ್ಟಾದರೆ ಬಿಸಿ ಒಂಬತ್ತು ಪಟ್ಟು, ಅದೂ ನಾಲ್ಕೈದು ಗಂಟೆ ಒಂದೇ ಸಮನೆ. ನನ್ನ ಗಾಡಿ ಬಂದ ಎರಡೇ ತಿಂಗಳಿಗೆ ಆ ಸಾಕೆಟ್ ಕಂದುಬಣ್ಣಕ್ಕೆ ತಿರುಗಿತು. ತಪ್ಪು ಗಾಡಿಯದ್ದಲ್ಲ. ಈಗ ಮೇನ್ ಬೋರ್ಡ್‌ನಿಂದ ನೇರವಾಗಿ ಬೇರೆ ವೈರ್ ಎಳೆಸಿ 16 ಆಂಪಿಯರ್ ಸಾಕೆಟ್ ಹಾಕಿಸಿದ್ದೇವೆ. ಉದ್ದದ ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಬೇಡವೇ ಬೇಡ.

ಸಾಕೆಟ್ ಸರಿಯಿದ್ದೂ ಹೊಸ ಗಾಡಿ ಚಾರ್ಜ್ ತೆಗೆದುಕೊಳ್ಳುತ್ತಿಲ್ಲವೇ? ಅದೇ ಚಾರ್ಜರನ್ನು ಪಕ್ಕದ ಮನೆಯಲ್ಲಿ ಹಾಕಿ ನೋಡಿ. ಅಲ್ಲಿ ತೆಗೆದುಕೊಂಡರೆ ನಿಮ್ಮ ಮನೆಯ ಅರ್ಥಿಂಗ್ ಮೇಲೆ ಅನುಮಾನ ಪಡಬೇಕು. ಮೈಸೂರಿನ ಅಗ್ರಹಾರ, ಮಂಡಿ ಮೊಹಲ್ಲಾ ಕಡೆಯ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇಲ್ಲದಿರುವುದು ಉಂಟು. ಹಳೇ ಚಾರ್ಜರ್ ಅದನ್ನು ಕೇಳುವುದೇ ಇಲ್ಲ, ಸುಮ್ನೆ ಚಾರ್ಜ್ ಮಾಡುತ್ತದೆ. ಹೊಸ ಚಾರ್ಜರ್‌ಗಳಲ್ಲಿ ಹಲವು ಅರ್ಥ್ ಸಿಗದಿದ್ದರೆ ಶುರುವೇ ಮಾಡುವುದಿಲ್ಲ. ಇದನ್ನು ದೋಷ ಅಂದುಕೊಂಡು ಅರ್ಥ್ ಪಿನ್‌ಗೆ ನ್ಯೂಟ್ರಲ್ ಕಟ್ಟಿಸಿಕೊಂಡವರನ್ನು ನೋಡಿದ್ದೇನೆ. ನ್ಯೂಟ್ರಲ್ ವೈರ್ ಎಲ್ಲೋ ಕಡಿದುಹೋದ ದಿನ ಗಾಡಿಯ ಮೈಯೆಲ್ಲ ಕರೆಂಟ್ ಆಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಯಾದ ಅರ್ಥಿಂಗ್ ಮಾಡಿಸಿ.

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ಕಾರಣ ಇದೆ. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಬಲ್ಬ್ ಮಂಕಾಗಿರುವಾಗ ಚಾರ್ಜರ್ ಲೈಟ್ ಮಿನುಗುತ್ತಾ ನಿಂತಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಹಾಗೆಯೇ ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಪ್ಲಗ್ ಹಾಕಿದರೆ ಹೊಸ ಗಾಡಿ 'ಬಿಸಿ ಇದ್ದೀನಿ, ಆಮೇಲೆ' ಅನ್ನುತ್ತದೆ. ಅರ್ಧ ಗಂಟೆ ಕಾಯಿರಿ.

ಹಳೇ ಗಾಡಿಯಲ್ಲಿ ಚಾರ್ಜರ್ ದೀಪದ ಬಣ್ಣವೇ ಮಾತಾಡುತ್ತದೆ. ಬ್ಯಾಟರಿ ಖಾಲಿ ಇದೆ ಅಂತ ಗೊತ್ತಿದ್ದೂ ಹಾಕಿದ ತಕ್ಷಣ ಹಸಿರು ಬಂದರೆ ಕರೆಂಟು ಒಳಗೆ ಹೋಗುತ್ತಲೇ ಇಲ್ಲ. ಸೀಟ್ ಕೆಳಗಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಕೆಳಗೆ ಬಿದ್ದಿದೆಯಾ, ಫ್ಯೂಸ್ ಹೋಗಿದೆಯಾ, ಬ್ಯಾಟರಿ ನಡುವಿನ ಯಾವುದಾದರೂ ವೈರ್ ಹಸಿರು ಬೂಷ್ಟು ಹಿಡಿದು ಬಿಟ್ಟಿದೆಯಾ ನೋಡಿ. ಅದೇ ರಾತ್ರಿಯೆಲ್ಲ ಕೆಂಪಾಗಿಯೇ ಉಳಿದು ಬ್ಯಾಟರಿ ಬಿಸಿಯಾದರೆ ಒಂದು ಬ್ಯಾಟರಿ ಒಳಗೇ ಕೆಟ್ಟಿದೆ. ಎಂಸಿಬಿ ಎತ್ತಿದ ಕೂಡಲೇ ಮತ್ತೆ ಬಿದ್ದರೆ ಎಲ್ಲೋ ಶಾರ್ಟ್ ಇದೆ. ಮೂರನೇ ಸಲ ಎತ್ತಬೇಡಿ.

ಮೊದಲಿನಷ್ಟು ದೂರ ಹೋಗುತ್ತಿಲ್ಲ

ಜನ ಜಾಸ್ತಿ ಕೇಳುವ ಪ್ರಶ್ನೆ ಇದು. ಬ್ಯಾಟರಿಯನ್ನು ದೂರುವ ಮೊದಲು ಟೈರ್‌ಗೆ ಗಾಳಿ ಹಿಡಿಸಿ. ಹತ್ತು ರೂಪಾಯಿಯೊಳಗೆ ಮುಗಿಯುವ ಕೆಲಸ. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಸರ್ ಸರ್ ಅನ್ನುತ್ತಾ ಬೇಗ ನಿಲ್ಲುತ್ತದೆ. ಐದು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ನಿಲ್ಲಿಸಿದಾಗ ಡ್ರಮ್ ಸುಡುತ್ತಿದ್ದರೂ ಅದೇ ಅರ್ಥ.

ನಂತರ ನಿಮ್ಮ ಓಡಾಟ ಬದಲಾಗಿದೆಯಾ ಯೋಚಿಸಿ. ಗಂಟೆಗೆ 40ರಿಂದ 60ಕ್ಕೆ ಏರಿದರೆ ಗಾಳಿಯ ಎದುರೊತ್ತು ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಸ್ಕೂಟರ್ ಬಿಡುತ್ತಿಲ್ಲ. ಆಗ ನಾನೂ ಬೈದುಕೊಂಡೆ. ಆದರೆ ಸರ್ವಿಸ್ ರಸ್ತೆಯಲ್ಲಿ ಹಂಪ್ ಎಣಿಸಿಕೊಂಡು ನಿಧಾನಕ್ಕೆ ಮಂಡ್ಯಕ್ಕೆ ಹೋದರೆ ಬ್ಯಾಟರಿ ಮೊದಲಿಗಿಂತ ಜಾಸ್ತಿ ಉಳಿಯುತ್ತದೆ. ಬೆನ್ನಿನ ಕಥೆ ಬೇರೆ.

ಸೀಸದ ಬ್ಯಾಟರಿಯಲ್ಲಿ ಮೈಲೇಜ್ ಬೀಳುವುದು ಸಾಮಾನ್ಯವಾಗಿ ನಾಲ್ಕೂ ಒಟ್ಟಿಗೆ ಸತ್ತು ಅಲ್ಲ. ಒಂದು ಸೋಲುತ್ತದೆ, ಉಳಿದ ಮೂರನ್ನು ಎಳೆದು ಬೀಳಿಸುತ್ತದೆ. ಅದನ್ನು ಹುಡುಕಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟ್‌ಗೆ ತಿರುಗಿಸಿ. ಪೂರ್ತಿ ಚಾರ್ಜ್ ಮಾಡಿ ಎರಡು ಮೂರು ಗಂಟೆ ಬಿಟ್ಟು ಒಂದೊಂದರ ವೋಲ್ಟೇಜ್ ಅಳೆಯಿರಿ. ಚೆನ್ನಾಗಿದ್ದರೆ 12.7ರಿಂದ 13ರ ಒಳಗೆ ಇರುತ್ತದೆ. ಇಷ್ಟಕ್ಕೇ ನಂಬಬೇಡಿ. ಸುಮ್ಮನೆ ಕೂತಾಗ ಸೋತ ಬ್ಯಾಟರಿಯೂ ಆರೋಗ್ಯವಂತನ ಹಾಗೆ ನಟಿಸುತ್ತದೆ. ಈಗ ಐದಾರು ಕಿಲೋಮೀಟರ್ ಓಡಿಸಿ ಬಂದು, ಉಸಿರಾಡಲು ಬಿಡದೆ ಮತ್ತೆ ಅಳೆಯಿರಿ. ಅಪ್ಪನ ಗಾಡಿಯಲ್ಲಿ ಆ ದಿನ ಸಿಕ್ಕಿದ್ದು ಇದು: 12.4, 12.4, 12.3, 10.9. ಬೆಟ್ಟದಲ್ಲಿ ಅವರನ್ನು ನಡೆಸಿದವನು ಆ ನಾಲ್ಕನೆಯವನು.

ಒಂದನ್ನೇ ಬದಲಿಸಬಹುದೇ? ಸೆಟ್ ಇನ್ನೂ ಒಂದು ವರ್ಷದೊಳಗಿದ್ದರೆ ಹೌದು. ಅದಕ್ಕಿಂತ ಹಳೆಯದಾದರೆ ನಾಲ್ಕನ್ನೂ ಬದಲಿಸಿ. ಹಳೇ ಮೂವರ ಜೊತೆ ಹೊಸಬನನ್ನು ಕಟ್ಟಿದರೆ ಚಾರ್ಜಿಂಗ್ ಲೆಕ್ಕ ತಪ್ಪಿ ಅವನೂ ಬೇಗ ಹಾಳಾಗುತ್ತಾನೆ. ಇನ್ನು ಖಾಲಿಯಾದ ಸೀಸದ ಬ್ಯಾಟರಿಯನ್ನು ಹಾಗೇ ಬಿಟ್ಟು ಹದಿನೈದು ದಿನ ಊರಿಗೆ ಹೋಗುವುದು ಅದನ್ನು ಕೊಂದಂತೆ. ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಓಡಿಸಿ ಬಂದ ದಿನವೇ ಚಾರ್ಜ್ ಹಾಕಿ.

ಲಿಥಿಯಂನಲ್ಲಿ ಈ ಅಳತೆ ನಿಮ್ಮಿಂದ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಅಲ್ಲಿ ನೋಡಬೇಕಾದ್ದು ಪರ್ಸೆಂಟ್ ಹೇಗೆ ಇಳಿಯುತ್ತದೆ ಅನ್ನುವುದು. ಒಂದೇ ಸಮನೆ ಇಳಿದು, ಒಟ್ಟು ದೂರ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಕಮ್ಮಿಯಾಗುತ್ತಿದ್ದರೆ ಅದು ವಯಸ್ಸು. 34 ಇದ್ದದ್ದು ಒಮ್ಮೆಲೇ 9ಕ್ಕೆ ಹಾರಿದರೆ ಎರಡು ಸಾಧ್ಯತೆ. ಒಂದು, ಗಾಡಿಯ ಲೆಕ್ಕ ತಪ್ಪಿದೆ. ಇನ್ನೊಂದು, ಒಂದು ಸೆಲ್ ಸಾಲು ಸೋತಿದೆ. ಮೊದಲನೆಯದನ್ನು ನೀವೇ ಪರೀಕ್ಷಿಸಬಹುದು. ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಜಾತಿಯ ಪ್ಯಾಕ್‌ನಲ್ಲಿ ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ಸೆಲ್ ವೋಲ್ಟೇಜ್ 3.3ರ ಸುತ್ತಲೇ ಇರುತ್ತದೆ. ಅದಕ್ಕೇ ಗಾಡಿಗೆ ಅಂದಾಜು ತಪ್ಪುತ್ತದೆ. ವಾರಕ್ಕೊಮ್ಮೆ ಪೂರ್ತಿ 100ಕ್ಕೆ ಚಾರ್ಜ್ ಮಾಡಿ, ತುಂಬಿದ ಮೇಲೂ ಒಂದು ಗಂಟೆ ಪ್ಲಗ್‌ನಲ್ಲೇ ಬಿಡಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೂ ಹಾರಾಟ ನಿಲ್ಲದಿದ್ದರೆ ಸರ್ವಿಸ್ ಸೆಂಟರ್. ಎನ್‌ಎಂಸಿ ಪ್ಯಾಕ್‌ಗೆ ದಿನಾ 100 ಬೇಡ, 80-90 ಸಾಕು. ನಿಮ್ಮದು ಯಾವುದು ಅನ್ನುವುದು ಗಾಡಿಯ ಕೈಪಿಡಿಯಲ್ಲಿರುತ್ತದೆ.

ಏರು ಬಂದರೆ ಸೋಲುತ್ತದೆ

ಬೆಟ್ಟದ ಲೆಕ್ಕ ಒಮ್ಮೆ ಹಾಕಿಬಿಡೋಣ. ಮೈಸೂರು ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಚಾಮುಂಡಿ ಬೆಟ್ಟದ ತುದಿ 1,060ರ ಹತ್ತಿರ. ಹತ್ತಬೇಕಾದ್ದು ಹತ್ತಿರ ಹತ್ತಿರ 300 ಮೀಟರ್. ಗಾಡಿಯೂ ಇಬ್ಬರು ಜನರೂ ಸೇರಿ 250 ಕಿಲೋ ಅಂತಿಟ್ಟುಕೊಳ್ಳಿ. ಆ ಭಾರವನ್ನು ಎತ್ತಲಿಕ್ಕೇ 0.2 ಯೂನಿಟ್ ಬೇಕು. ಮೋಟಾರಿನಲ್ಲಿ ಪೋಲಾಗುವುದನ್ನು ಸೇರಿಸಿದರೆ ಕಾಲು ಯೂನಿಟ್ ದಾಟುತ್ತದೆ. ಇದು ಎತ್ತರಕ್ಕೆ ಮಾತ್ರ, ದಾರಿಯ ಖರ್ಚು ಬೇರೆ.

ಹಳೇ 48 ವೋಲ್ಟ್, 20 ಆಂಪಿಯರ್-ಅವರ್ ಸೆಟ್‌ನಲ್ಲಿ ಕಾಗದದ ಮೇಲೆ 0.96 ಯೂನಿಟ್ ಇರುತ್ತದೆ. ಆದರೆ ಸೀಸದ ಸ್ವಭಾವ ಏನೆಂದರೆ, ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಮ್ಮಿ. ಏರಿನಲ್ಲಿ ಅರ್ಧ ಯೂನಿಟ್ ಸಿಕ್ಕರೆ ಪುಣ್ಯ. ಅದರಲ್ಲಿ ಅರ್ಧವನ್ನು ಬೆಟ್ಟವೇ ತಿಂದುಬಿಡುತ್ತದೆ. ಹೊಸ ಗಾಡಿಯಲ್ಲಿ 3 ಯೂನಿಟ್ ಪ್ಯಾಕ್ ಇದ್ದರೆ ಅದೇ ಏರಿಗೆ ಹತ್ತರಲ್ಲೊಂದು ಪಾಲೂ ಬೇಡ.

ಆದ್ದರಿಂದ ಹಳೇ ಗಾಡಿ ಏರಿನಲ್ಲಿ ನಿಂತು, ಐದು ನಿಮಿಷ ಬಿಟ್ಟರೆ ಮತ್ತೆ ಸ್ವಲ್ಪ ಹೋಗಿ, ಮತ್ತೆ ನಿಂತರೆ ಬ್ಯಾಟರಿ ವೋಲ್ಟೇಜ್ ಕುಸಿಯುತ್ತಿದೆ. 48 ವೋಲ್ಟಿನ ಗಾಡಿಯಲ್ಲಿ ಎಳೆತದ ಹೊತ್ತಿಗೆ 42ರ ಆಸುಪಾಸಿಗೆ ಇಳಿದರೆ ಕಂಟ್ರೋಲರ್, ಅಂದರೆ ಮೋಟಾರಿಗೆ ಕರೆಂಟು ಅಳೆದು ಕೊಡುವ ಪೆಟ್ಟಿಗೆ, ಕೈಬಿಡುತ್ತದೆ. ಮೇಲೆ ಹೇಳಿದ ಮೀಟರ್ ಪರೀಕ್ಷೆ ಮಾಡಿ. ಹಾಗಂತ ಮತ್ತೆ ಮತ್ತೆ ಉಸಿರು ಕೊಟ್ಟು ಓಡಿಸಬೇಡಿ, ಸೋತ ಬ್ಯಾಟರಿ ಅಲ್ಲೇ ಉಲ್ಟಾ ಹೊಡೆದು ಪೂರ್ತಿ ಹೋಗುತ್ತದೆ. ವಾಪಸ್ಸು ಇಳಿಜಾರೇ ಅಲ್ವಾ, ಇಳಿದುಬಿಡಿ.

ಹೊಸ ಗಾಡಿ ಏರಿನಲ್ಲಿ ಮಂದವಾದರೆ ಪರದೆ ನೋಡಿ. ಬಿಸಿಯ ಗುರುತಿದ್ದರೆ ನೆರಳಿನಲ್ಲಿ ನಿಲ್ಲಿಸಿ, ನೀರು ಸುರಿಯಬೇಡಿ. ಚಾರ್ಜ್ 20ಕ್ಕಿಂತ ಕಮ್ಮಿ ಇದ್ದರೆ ಹಲವು ಗಾಡಿಗಳು ತಾವೇ ಎಳೆತ ತಗ್ಗಿಸುತ್ತವೆ. ಎರಡೂ ಇಲ್ಲದೆ, ತಂಪು ಹೊತ್ತಿನಲ್ಲಿ, ಒಬ್ಬರೇ ಇದ್ದಾಗಲೂ ಮಂದವಾದರೆ ಮಾತ್ರ ಅದು ದೋಷ. 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿಯ, ನಂಬರ್ ಪ್ಲೇಟ್ ಇಲ್ಲದ ಗಾಡಿಗಳಿಗೆ ಈ ವಿಭಾಗ ಅನ್ವಯಿಸುವುದಿಲ್ಲ. ಅವು ಬೆಟ್ಟಕ್ಕೆ ಹುಟ್ಟಿದವೇ ಅಲ್ಲ.

ಲೈಟ್ ಎಲ್ಲಾ ಬರುತ್ತೆ, ಗಾಡಿ ಮಾತ್ರ ಹೋಗಲ್ಲ

ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪ ಇದ್ದಾರೆ. ಒಂದು ದಿನ ಬೆಳಗ್ಗೆ ಫೋನು. "ಗಾಡಿ ಸತ್ತೋಯ್ತು ಕಣ್ಲಾ. ಮೀಟ್ರು ಉರೀತದೆ, ಲೈಟು ಉರೀತದೆ, ತಿರುವುದ್ರೆ ಮಿಸುಕಾಡಲ್ಲ." ಅಷ್ಟರಲ್ಲಿ ಊರಿನ ಒಬ್ಬ ಮೆಕ್ಯಾನಿಕ್ ಕಂಟ್ರೋಲರ್ ಹೋಗಿದೆ, ಆರು ಸಾವಿರ ಆಗುತ್ತೆ ಎಂದಿದ್ದರಂತೆ. ನಾನು ಹೇಳಿದ್ದು ಇಷ್ಟೇ: "ಚಿಕ್ಕಪ್ಪ, ಗಾಡೀನ ಗೋಡೆಗೆ ಬೆನ್ನು ಮಾಡಿ ನಿಲ್ಸಿ. ಕೀ ಆನ್ ಮಾಡಿ. ಗೋಡೆ ಮೇಲೆ ಕೆಂಪು ಬೆಳಕು ನೋಡ್ಕಳಿ. ಈಗ ಬ್ರೇಕ್ ಹಿಡೀರಿ. ಬೆಳಕು ಜಾಸ್ತಿ ಆಯ್ತಾ?" ಆಗಲಿಲ್ಲ. ಬ್ರೇಕ್ ಹಿಡಿಯುವ ಮೊದಲೇ ಬ್ರೇಕ್ ದೀಪ ಪೂರ್ತಿ ಉರಿಯುತ್ತಿತ್ತು.

ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಬ್ರೇಕ್ ಹಿಡಿದರೆ ಮೋಟಾರಿಗೆ ಕರೆಂಟು ಕಟ್ ಆಗಬೇಕು. ಲಿವರ್ ಬುಡದಲ್ಲಿ ಚಿಕ್ಕ ಸ್ವಿಚ್ ಇರುತ್ತದೆ. ಕಬ್ಬಿನ ಗದ್ದೆಯ ಕೆಸರು ಒಣಗಿ ಆ ಸ್ವಿಚ್‌ನ ಮೊನೆ ಒಳಗೇ ಸಿಕ್ಕಿಕೊಂಡಿತ್ತು. ಗಾಡಿಯ ಪಾಲಿಗೆ ಚಿಕ್ಕಪ್ಪ ಬ್ರೇಕ್ ಹಿಡಿದೇ ನಿಂತಿದ್ದರು. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಲಿವರನ್ನು ಇಪ್ಪತ್ತು ಸಲ ಒತ್ತಿ ಬಿಟ್ಟರು. ಗಾಡಿ ಹೊರಟಿತು. ಆರು ಸಾವಿರ ಉಳಿಯಿತು.

ಈ ಲಕ್ಷಣಕ್ಕೆ ಕ್ರಮ ಹೀಗೆ: ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲೆ ಹೋಗಿದೆಯಾ, ಪಾರ್ಕ್ ಮೋಡ್ ಬಿಟ್ಟಿದೆಯಾ, ಬ್ರೇಕ್ ದೀಪ ಅಂಟಿಕೊಂಡಿದೆಯಾ. ಈ ಮೂರು ಪರೀಕ್ಷೆ ಹಳತು, ಹೊಸತು ಎರಡಕ್ಕೂ ಸಮಾನ. ಆಮೇಲೆ ಹಳೆಯದರಲ್ಲಿ ಎಕ್ಸಲರೇಟರ್ ವೈರ್. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಹೋಗಿ ಬಲಕ್ಕೆ ತಿರುಗಿಸಿದಾಗ ಹೋಗದಿದ್ದರೆ ವೈರ್ ಒಳಗೆ ಮುರಿದಿದೆ. ಮಳೆ ಬಂದ ಮರುದಿನ ಬೆಳಗ್ಗೆ ಹೋಗದೆ ಮಧ್ಯಾಹ್ನ ಬಿಸಿಲು ಬಂದ ಮೇಲೆ ಹೋದರೆ ವೈರ್‌ಗಳನ್ನು ಜೋಡಿಸುವ ಕಪ್ಲರ್‌ನಲ್ಲಿ ನೀರು ಕೂತಿದೆ. ಕೀ ಆಫ್ ಮಾಡಿ, ಕಪ್ಲರ್ ಬಿಚ್ಚಿ ಒಣಗಿಸಿ.

ಹೊಸದರಲ್ಲಿ ಪರದೆಯೇ ಬಾರದಿದ್ದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತಿರಬಹುದು. ಕೆಲವು ಮಾಡೆಲ್‌ಗಳಲ್ಲಿ ಅದು ಬೇರೆಯಾಗಿಯೇ ಇರುತ್ತದೆ, ಗಾಡಿಯನ್ನು ಎಬ್ಬಿಸುವ ಕೆಲಸ ಅದರದ್ದು. ತಿಂಗಳುಗಟ್ಟಲೆ ನಿಲ್ಲಿಸಿ ಹೋದವರಿಗೆ ಇದು ಜಾಸ್ತಿ.

ಗರಗರ ಶಬ್ದ, ಎಳೆದಾಟ

ಹೊರಡುವಾಗ ಮಾತ್ರ ನಡುಗಿ, ಕಾಲಲ್ಲಿ ತಳ್ಳಿದರೆ ನಯವಾಗಿ ಹೋದರೆ ಮೋಟಾರಿನೊಳಗಿನ ಹಾಲ್ ಸೆನ್ಸರ್ ಮೇಲೆ ಅನುಮಾನ. ಮೋಟಾರ್ ಎಷ್ಟು ತಿರುಗಿದೆ ಅಂತ ಕಂಟ್ರೋಲರ್‌ಗೆ ಹೇಳುವುದು ಅದು. ಚಿಕ್ಕ ಬೆಲೆಯ ಸಾಮಾನು. ಆದರೆ ಹಬ್ ಮೋಟಾರ್ (ಚಕ್ರದೊಳಗೇ ಇರುವ ಮೋಟಾರ್) ಬಿಚ್ಚುವುದು ಮನೆಯ ಕೆಲಸವಲ್ಲ, ಒಳಗಿನ ಆಯಸ್ಕಾಂತ ಬೆರಳು ಜಜ್ಜಿಬಿಡುತ್ತದೆ.

ಹಳೇ ಹಬ್ ಮೋಟಾರ್ ಗಾಡಿಗೆ ಒಂದು ಒಳ್ಳೇ ಪರೀಕ್ಷೆ ಇದೆ. ಕೀ ಆಫ್, ಎಂಸಿಬಿ ಆಫ್, ಡಬಲ್ ಸ್ಟ್ಯಾಂಡ್. ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಹಗುರವಾಗಿ ತಿರುಗಬೇಕು. ತಡೆದು ತಡೆದು, ಗುಂಡಿಗೆ ಬಿದ್ದು ಎದ್ದ ಹಾಗೆ ತಿರುಗಿದರೆ ಎಲ್ಲೋ ಶಾರ್ಟ್ ಇದೆ. ಈಗ ಮೋಟಾರಿನಿಂದ ಕಂಟ್ರೋಲರ್‌ಗೆ ಹೋಗುವ ಮೂರು ದಪ್ಪ ವೈರ್ ಬಿಚ್ಚಿ, ಒಂದಕ್ಕೊಂದು ತಾಗದ ಹಾಗೆ ದೂರ ಇಟ್ಟು ಮತ್ತೆ ತಿರುಗಿಸಿ. ಹಗುರವಾದರೆ ಕಂಟ್ರೋಲರ್ ಹೋಗಿದೆ. ಹಾಗೇ ಬಿಗಿಯಾಗಿದ್ದರೆ ಮೋಟಾರ್ ಅಥವಾ ಅದರ ವೈರ್. ಕಂಟ್ರೋಲರ್‌ಗೆ ದುಡ್ಡು ಕೊಡುವ ಮೊದಲು ಮೆಕ್ಯಾನಿಕ್ ಎದುರೇ ಇದನ್ನು ಮಾಡಿಸಿ. ಹೊಸ ಗಾಡಿಗಳಲ್ಲಿ ಮಾಡಬೇಡಿ. ವಾರಂಟಿ ಹೋಗುತ್ತದೆ, ಹಲವು ಹೊಸ ಗಾಡಿಗಳಲ್ಲಿ ಮೋಟಾರ್ ಇರುವುದು ಚಕ್ರದೊಳಗೂ ಅಲ್ಲ.

ದೋಷ ಅಂತ ಕಾಣುವ, ಆದರೆ ದೋಷವಲ್ಲದ್ದು

ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟಾಗ ಹೊಸ ಗಾಡಿ ಎಕ್ಸಲರೇಟರ್ ಬಿಟ್ಟರೂ ನಿಧಾನವಾಗುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಬೇರೆ ಹೊತ್ತಿನಲ್ಲಿ ಮೋಟಾರೇ ಗಾಡಿಯನ್ನು ತಡೆದು, ಹಾಗೆ ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಬ್ಯಾಟರಿ ತುಂಬಿರುವಾಗ ಆ ಕರೆಂಟು ಹಾಕಲು ಜಾಗವಿಲ್ಲ. ಹೀಗಾಗಿ ಆ ತಡೆತ ಬಂದ್ ಆಗಿರುತ್ತದೆ. ಕೆಲವು ಕಿಲೋಮೀಟರ್ ಆದ ಮೇಲೆ ಬರುತ್ತದೆ. ಬೆಟ್ಟದ ಮೇಲಿನ ಮನೆಯವರು 100ಕ್ಕೆ ಚಾರ್ಜ್ ಮಾಡಿ ಇಳಿಯುವಾಗ ಇದನ್ನು ನೆನಪಿಡಬೇಕು, ಕೈಬ್ರೇಕೇ ಗತಿ. ಹಳೇ ಸೀಸದ ಗಾಡಿಯಿಂದ ಹೊಸದಕ್ಕೆ ಬಂದವರು ಇದನ್ನೇ ಉಲ್ಟಾ ಹೇಳುತ್ತಾರೆ: 'ಎಕ್ಸಲರೇಟರ್ ಬಿಟ್ಟರೆ ಹಿಡಿದು ಎಳೆದ ಹಾಗಾಗುತ್ತೆ.' ಅದೂ ದೋಷವಲ್ಲ.

ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನ ತೋರಿಸುವ ದೂರ ಬದಲಾದರೆ ಒಂದು ವಾರ ಓಡಿಸಿ ನೋಡಿ ಆಮೇಲೆ ದೂರಿ.

ಸರ್ವಿಸ್ ಸೆಂಟರ್‌ಗೆ ಹೋಗುವಾಗ

ಗಾಡಿ ಅಲ್ಲಿಗೆ ಹೋದ ಕೂಡಲೇ ಸಾಧುವಾಗಿಬಿಡುತ್ತದೆ, ನಿಮಗೂ ಗೊತ್ತು. ಅದಕ್ಕೇ ತೊಂದರೆ ಆದ ಕ್ಷಣದಲ್ಲೇ ಪರದೆಯ ಫೋಟೋ ತೆಗೆದಿಡಿ. ಎಷ್ಟು ಪರ್ಸೆಂಟ್ ಇತ್ತು, ಎಷ್ಟು ಜನ ಕೂತಿದ್ದಿರಿ, ಏರೋ ಸಮತಟ್ಟೋ, ಎಷ್ಟು ಹೊತ್ತು ಓಡಿಸಿದ ಮೇಲೆ ಆಯಿತು ಅನ್ನುವುದನ್ನು ಫೋನ್‌ನಲ್ಲೇ ಬರೆದಿಡಿ. ಹೊಸ ಗಾಡಿಯಾದರೆ ಒಳಗಿನ ದಾಖಲೆ ತೆಗೆದು ಆ ದಿನ, ಆ ಹೊತ್ತಿನ ಸೆಲ್ ವೋಲ್ಟೇಜ್ ತೋರಿಸಿ ಅಂತ ಕೇಳಿ. ಅವರ ಬಳಿ ಅದು ಸಿಗುತ್ತದೆ. ಹಳೇ ಗಾಡಿಯಾದರೆ ನಿಮ್ಮ ನಾಲ್ಕು ಅಂಕಿಗಳ ಚೀಟಿಯೇ ದಾಖಲೆ. ಬ್ಯಾಟರಿ ಬದಲಿಸಿದರೆ ಹಳೇ ನಾಲ್ಕನ್ನೂ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಯಿಸಿಕೊಳ್ಳಿ. ಸೀಸಕ್ಕೆ ಗುಜರಿಯಲ್ಲೂ ಬೆಲೆ ಇದೆ.